ಸಿಮೆಂಟ್ ಬಿಲ್ ಯಾರ ಹೆಸರಿನಲ್ಲಿದೆ?

ಪ್ರಶ್ನೆ: ನಾನು ತಿಪಟೂರಿನ ಕಡೆಯವನು, ಸಿವಿಲ್ ಡಿಪ್ಲೊಮಾ ಓದಿದ್ದೇನೆ. ಒಬ್ಬ ಗುತ್ತಿಗೆದಾರರ ಬಳಿ ಒಂಬತ್ತು ವರ್ಷ ಸೈಟ್ ಮೇಲ್ವಿಚಾರಕನಾಗಿದ್ದೆ. ಈ ಏಪ್ರಿಲ್‌ನಿಂದ ಸ್ವಂತವಾಗಿ ಕೆಲಸ ಹಿಡಿದಿದ್ದೇನೆ. ಎರಡು ಮನೆಗಳನ್ನು ಕೂಲಿ ಗುತ್ತಿಗೆಯ ಮೇಲೆ ಮುಗಿಸಿಕೊಟ್ಟೆ, 13 ಲಕ್ಷ ಬಂತು. ಮೂರನೆಯ ಮನೆ ಸಾಮಗ್ರಿ ಸಮೇತ ಒಪ್ಪಿಕೊಂಡದ್ದು, ಇದುವರೆಗೆ 9.5 ಲಕ್ಷ ಬಂದಿದೆ. ಎಲ್ಲ ಹಣವೂ ನನ್ನ ಉಳಿತಾಯ ಖಾತೆಗೇ ಬಂದಿದೆ. ಇದನ್ನು ಕ್ರಮವಾಗಿ ಒಂದು ಸಂಸ್ಥೆಯಾಗಿ ನಡೆಸಬೇಕೆಂದಿದ್ದೇನೆ. ಕಂಪನಿ ಮಾಡಬೇಕೇ? ಜಿಎಸ್‌ಟಿ ನನಗೆ ಬರುತ್ತದೆಯೇ? ಮನೆ ಮಾಲೀಕರು 'ಬಿಲ್ ಬೇಡ, ದರ ಕಡಿಮೆ ಮಾಡಿ' ಎನ್ನುತ್ತಾರೆ. ನನ್ನ ಭಾವಮೈದುನ 5 ಲಕ್ಷ ಹಾಕಿ ಪಾಲುದಾರನಾಗುತ್ತೇನೆ ಎನ್ನುತ್ತಿದ್ದಾನೆ. ಮುಂದೆ ಲೋಕೋಪಯೋಗಿ ಇಲಾಖೆಯ ಟೆಂಡರ್ ಹಾಕುವ ಆಸೆಯೂ ಇದೆ. ಬೋರ್ಡ್ ಬರೆಸಲು ಮುಂಗಡ ಕೊಟ್ಟಾಗಿದೆ. ದಾರಿ ತೋರಿಸಿ.

ಉತ್ತರ: ಬೋರ್ಡ್ ಬರೆಯುವವರಿಗೆ ಫೋನ್ ಮಾಡಿ ಒಂದು ವಾರ ತಡೆಯಲು ಹೇಳಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ನೀವು ಕೇಳಿದ ಎಲ್ಲ ಪ್ರಶ್ನೆಗಳಿಗೂ ಮೊದಲು ನಾನು ನಿಮಗೆ ಒಂದು ಪ್ರಶ್ನೆ ಕೇಳಬೇಕು. ನೀವು ಕಟ್ಟುವ ಮನೆಗೆ ಸಿಮೆಂಟು, ಕಬ್ಬಿಣ ಕೊಳ್ಳುವವರು ಯಾರು? ಬಿಲ್ ಯಾರ ಹೆಸರಿನಲ್ಲಿ ಆಗುತ್ತದೆ? ಮನೆ ಕಟ್ಟುವವರ ತೆರಿಗೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ. ಕಂಪನಿಯೋ ಪಾಲುದಾರಿಕೆಯೋ ಎಂಬುದು ಆಮೇಲಿನ ಮಾತು.

ಮಾಲೀಕರೇ ಸಾಮಗ್ರಿ ತಂದು ಹಾಕಿ, ನೀವು ಆಳು, ಮೇಸ್ತ್ರಿ, ಉಸ್ತುವಾರಿ ಮಾತ್ರ ಕೊಟ್ಟರೆ ಅದು ಶುದ್ಧ ಕೂಲಿ ಗುತ್ತಿಗೆ. ಒಂದು ಕುಟುಂಬದ ವಾಸಕ್ಕಾಗಿ ಕಟ್ಟುವ ಒಂಟಿ ಮನೆಯ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಗ್ರಿಯನ್ನೂ ನೀವೇ ತಂದು ಕಟ್ಟಿಕೊಟ್ಟರೆ ಅದು ಕಾನೂನಿನ ಭಾಷೆಯಲ್ಲಿ ಕಾಮಗಾರಿ ಗುತ್ತಿಗೆ. ಅದನ್ನು ಸೇವೆ ಎಂದು ಲೆಕ್ಕ ಹಾಕಲಾಗುತ್ತದೆ, ದರ ಶೇ 18. ಅದೇ ಸೈಟು, ಅದೇ ಆಳುಗಳು, ಅದೇ ಗೋಡೆ. ಆದರೆ ಅಂಗಡಿಯ ಬಿಲ್ಲಿನ ಮೇಲಿರುವ ಹೆಸರು ಬದಲಾದರೆ ತೆರಿಗೆ ಸೊನ್ನೆಯಿಂದ 18ಕ್ಕೆ ಹಾರುತ್ತದೆ.

ಈ ವಿನಾಯಿತಿಯ ಅಂಚುಗಳನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ನಮ್ಮ ಊರುಗಳಲ್ಲಿ 'ಕೆಳಗೆ ನಾವು, ಮೇಲೆ ಬಾಡಿಗೆಗೆ ಎರಡು ಮನೆ' ಎನ್ನುವುದು ಸಾಮಾನ್ಯ. ಅದು ಒಂಟಿ ಮನೆ ಎಂದು ವಾದಿಸುವುದು ಕಷ್ಟ. ಮುಂದೆ ಎರಡು ಮಳಿಗೆ, ಹಿಂದೆ ಮನೆ ಎಂದರೂ ಅಷ್ಟೆ. ಇನ್ನೊಂದು, ಬೈಂಡಿಂಗ್ ವೈರು, ಮೊಳೆ, ಒಂದೆರಡು ಲೋಡ್ ಜಲ್ಲಿ ನೀವೇ ಕೊಂಡು ಬಿಲ್ಲಿಗೆ ಸೇರಿಸಿದರೆ ಅದು ಶುದ್ಧ ಕೂಲಿಯಾಗಿ ಉಳಿಯುವುದಿಲ್ಲ. ಮಾಲೀಕರು ನಿಮ್ಮ ಖಾತೆಗೆ ಹಣ ಹಾಕಿ, ನೀವು ಸಿಮೆಂಟ್ ಅಂಗಡಿಗೆ ಕಟ್ಟಿ, ಕಾಗದದಲ್ಲಿ ಮಾತ್ರ 'ಕೂಲಿ ಗುತ್ತಿಗೆ' ಎಂದು ಬರೆದುಕೊಳ್ಳುವುದಂತೂ ಬೇಡವೇ ಬೇಡ. ಬ್ಯಾಂಕ್ ಪಾಸ್‌ಬುಕ್ ಕಾಗದಕ್ಕಿಂತ ಗಟ್ಟಿಯಾಗಿ ಮಾತನಾಡುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ಒಂದು ಆರ್ಥಿಕ ವರ್ಷದಲ್ಲಿ 20 ಲಕ್ಷ. 40 ಲಕ್ಷ ಎಂದು ಯಾರಾದರೂ ಹೇಳಿದ್ದರೆ ಅದು ಬರೀ ಸರಕು ಮಾರುವ ಅಂಗಡಿಯವರ ಮಿತಿ, ನಿಮ್ಮದಲ್ಲ. ನಿಮ್ಮ ಮನಸ್ಸಿನಲ್ಲಿರುವ ಲೆಕ್ಕ ಬಹುಶಃ ಹೀಗಿದೆ: 13 ಲಕ್ಷಕ್ಕೆ ವಿನಾಯಿತಿ, ಉಳಿದ 9.5 ಲಕ್ಷ ಮಿತಿಯೊಳಗೆ, ಆದ್ದರಿಂದ ತೊಂದರೆಯಿಲ್ಲ. ಈ ಲೆಕ್ಕ ತಪ್ಪು. ಬರೀ ವಿನಾಯಿತಿಯ ಕೆಲಸವನ್ನೇ ಮಾಡುವವರಿಗೆ ಎಷ್ಟು ಕೋಟಿಯಾದರೂ ನೋಂದಣಿ ಬೇಡ, ನಿಜ. ಆದರೆ ತೆರಿಗೆ ಬರುವ ಒಂದು ಕೆಲಸ ಹಿಡಿದ ಕೂಡಲೇ ಎರಡನ್ನೂ ಕೂಡಿಸಿ 20 ಲಕ್ಷದ ಮಿತಿಯನ್ನು ನೋಡುತ್ತಾರೆ. 13 ಮತ್ತು 9.5 ಸೇರಿದರೆ 22.5. ನೀವು ಗಡಿ ದಾಟಿದ್ದೀರಿ, ನಿಮಗೆ ಗೊತ್ತಾಗಿಲ್ಲ ಅಷ್ಟೆ.

ಗಾಬರಿ ಬೇಡ. ಪಾಸ್‌ಬುಕ್ ತೆಗೆದು, ಏಪ್ರಿಲ್ 1ರಿಂದ ಕೂಡಿಸುತ್ತಾ ಬಂದು, ಮೊತ್ತ 20 ಲಕ್ಷ ದಾಟಿದ ದಿನ ಯಾವುದೆಂದು ಗುರುತು ಹಾಕಿ. ಆ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಿದರೆ ದಾಟಿದ ದಿನದಿಂದಲೇ ನೋಂದಣಿ ಲೆಕ್ಕಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಕೊಂಡ ಸಾಮಗ್ರಿಯ ಮೇಲೆ ಕೊಟ್ಟ ತೆರಿಗೆಯನ್ನೂ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 30 ದಿನ ಮೀರಿದ್ದರೆ ನೋಂದಣಿ ಕೊಟ್ಟ ದಿನದಿಂದ ಮಾತ್ರ. ನಡುವಿನ ಅವಧಿಯಲ್ಲಿ ಸಾಮಗ್ರಿ ಕೆಲಸದಿಂದ ಬಂದ ಹಣಕ್ಕೆ ತೆರಿಗೆಯೂ ವರ್ಷಕ್ಕೆ ಶೇ 18ರ ಬಡ್ಡಿಯೂ ಕೈಯಿಂದ ಹೋಗುತ್ತದೆ. ಇಲಾಖೆ ನೋಟಿಸ್ ಕೊಡುವ ಮೊದಲೇ ನೀವಾಗಿ ಕಟ್ಟಿದರೆ, ವಂಚನೆಯ ಉದ್ದೇಶವಿಲ್ಲದ ಪ್ರಕರಣದಲ್ಲಿ ದಂಡ ಬೀಳುವುದಿಲ್ಲ. ನೋಟಿಸ್ ಬರುವುದಿಲ್ಲ ಎಂಬ ಧೈರ್ಯ ಬೇಡ. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕಳಿಸಿದ್ದು ನೆನಪಿರಬಹುದು. ಹತ್ತು, ಇಪ್ಪತ್ತು ರೂಪಾಯಿಗಳ ಟೀ ಕಾಫಿಯ ಲೆಕ್ಕ ಸಿಕ್ಕವರಿಗೆ ನಿಮ್ಮ ಎರಡು ಮೂರು ಲಕ್ಷದ ಕಂತುಗಳು ಸಿಗುವುದಿಲ್ಲವೇ?

ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಫೋಟೊ, ವ್ಯವಹಾರದ ಜಾಗದ ದಾಖಲೆ, ಬ್ಯಾಂಕ್ ಖಾತೆ ಸಾಕು. ಜಾಗಕ್ಕೆ ನಿಮ್ಮ ಮನೆಯ ಮುಂಗೋಣೆಯೇ ಆಗುತ್ತದೆ. ಮನೆ ತಂದೆಯವರ ಹೆಸರಿನಲ್ಲಿದ್ದರೆ ಅವರಿಂದ ಒಪ್ಪಿಗೆ ಪತ್ರ ಮತ್ತು ವಿದ್ಯುತ್ ಬಿಲ್ ಜೋಡಿಸಿ. ಬಸ್ ನಿಲ್ದಾಣದ ಬಳಿ ಬಾಡಿಗೆ ಕಚೇರಿ ಈಗಲೇ ಬೇಡ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಕಟ್ಟಡ ಮಾಲೀಕರಿಂದ ವಾಣಿಜ್ಯ ಜಾಗ ಬಾಡಿಗೆಗೆ ಹಿಡಿದರೆ, ಆ ಬಾಡಿಗೆಯ ಮೇಲಿನ ಶೇ 18 ಜಿಎಸ್‌ಟಿಯನ್ನು ಬಾಡಿಗೆದಾರರಾದ ನೀವೇ ಕಟ್ಟಬೇಕು. ತಿಂಗಳಿಗೆ 6,000 ಬಾಡಿಗೆಯಾದರೆ ಜೊತೆಗೆ 1,080. ರಾಜಿ ತೆರಿಗೆಯವರಿಗೆ ಇದರಿಂದ ಬಿಡುಗಡೆ ಇದೆ. ರಾಜಿ ತೆರಿಗೆ ಎಂದರೇನು ಎಂಬುದಕ್ಕೇ ಈಗ ಬರುತ್ತಿದ್ದೇನೆ.

ನೋಂದಣಿ ಪಡೆಯುವಾಗ ನಿಮ್ಮ ಮುಂದೆ ಎರಡು ಬಾಗಿಲುಗಳಿರುತ್ತವೆ. ಒಂದು ಸಾಮಾನ್ಯ ಪದ್ಧತಿ: ಮಾಲೀಕರಿಂದ ಶೇ 18 ವಸೂಲಿ ಮಾಡಿ, ಸಾಮಗ್ರಿಗೆ ನೀವು ಕೊಟ್ಟ ತೆರಿಗೆಯನ್ನು, ನಮ್ಮವರು 'ಇನ್‌ಪುಟ್' ಎನ್ನುವುದನ್ನು, ಕಳೆದು ಉಳಿದದ್ದನ್ನು ಕಟ್ಟುವುದು. ಇನ್ನೊಂದು ರಾಜಿ ತೆರಿಗೆ, ಎಲ್ಲರ ಬಾಯಲ್ಲಿ ಕಾಂಪೋಸಿಷನ್. ವರ್ಷದ ವಹಿವಾಟು 50 ಲಕ್ಷದೊಳಗಿರುವ ಸೇವೆಯವರಿಗೆ ಅದರ ದರ ಶೇ 6. ಅಲ್ಲಿ ಇನ್‌ಪುಟ್ ಇಲ್ಲ, ಮಾಲೀಕರಿಂದ ತೆರಿಗೆ ಎಂದು ಬೇರೆಯಾಗಿ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ, ಹೊರ ರಾಜ್ಯದ ಕೆಲಸ ಹಿಡಿಯುವಂತಿಲ್ಲ.

ಯಾವುದು ಲಾಭ? ಇದನ್ನು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಪೆನ್ನು ಹಿಡಿಯಿರಿ. ಹನ್ನೆರಡು ಚದರದ, ಅಂದರೆ 1,200 ಚದರ ಅಡಿಯ ಮನೆ, ಚದರ ಅಡಿಗೆ 1,900ರಂತೆ ಸಾಮಗ್ರಿ ಸಮೇತ ಒಪ್ಪಿಕೊಂಡಿರಿ ಎಂದಿಟ್ಟುಕೊಳ್ಳೋಣ. ಒಟ್ಟು 22,80,000. ಸಿಮೆಂಟು, ಕಬ್ಬಿಣ, ಟೈಲ್ಸು, ವೈರಿಂಗ್ ಸಾಮಾನು ಎಲ್ಲ ಸೇರಿ ತೆರಿಗೆಯ ಹೊರತು 9,50,000, ಅದರ ಮೇಲೆ ಶೇ 18ರಂತೆ 1,71,000. ಸಿಮೆಂಟಿಗೆ ಮೊದಲು ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು, ನಿಮ್ಮ ಹಳೆಯ ಧಣಿಯ ಕಾಲದ ಲೆಕ್ಕಪಟ್ಟಿ ಇಟ್ಟುಕೊಂಡಿದ್ದರೆ ತಿದ್ದಿಕೊಳ್ಳಿ. ಮರಳು, ಜಲ್ಲಿ 1,50,000, ಅದಕ್ಕೆ ಶೇ 5ರಂತೆ 7,500. ಗಾರೆ, ಸೆಂಟ್ರಿಂಗ್, ಕಂಬಿ ಕಟ್ಟುವುದು, ಬಣ್ಣ, ಎಲ್ಲ ಕೂಲಿ 6,50,000. ಒಟ್ಟು ಖರ್ಚಾದದ್ದು 19,28,500. ಬಂದದ್ದರಲ್ಲಿ ಕಳೆದರೆ 3,51,500 ಉಳಿಯುತ್ತದೆ. 'ಮೂರೂವರೆ ಲಕ್ಷ ಸಿಕ್ಕಿತು' ಎಂದು ನೀವು ಮನೆಯಲ್ಲಿ ಹೇಳುವುದು ಇದನ್ನೇ.

ಈಗ ತೆರಿಗೆ. ಒಪ್ಪಂದದಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದು ಬರೆದಿಲ್ಲವಾದರೆ 22,80,000ದೊಳಗೇ ತೆರಿಗೆ ಅಡಗಿದೆ ಎಂದು ಅರ್ಥ. 118ರಲ್ಲಿ 18 ಭಾಗ, ಅಂದರೆ 3,47,797. ಅದರಲ್ಲಿ ಇನ್‌ಪುಟ್ 1,78,500 ಕಳೆದರೆ ಕೈಯಿಂದ ಕಟ್ಟಬೇಕಾದದ್ದು 1,69,297. ನಿಮ್ಮ ಮೂರೂವರೆ ಲಕ್ಷ 1,82,203ಕ್ಕೆ ಇಳಿಯಿತು. ಅದೇ ರಾಜಿ ತೆರಿಗೆಯಾದರೆ 22,80,000ಕ್ಕೆ ಶೇ 6, ಅಂದರೆ 1,36,800. ಉಳಿಯುವುದು 2,14,700. ಸಾಮಾನ್ಯ ಪದ್ಧತಿಗಿಂತ 32,497 ಹೆಚ್ಚು. ಕಾರಣ ಸರಳ. ಮನೆ ಕೆಲಸದಲ್ಲಿ ಕೂಲಿಯ ಪಾಲು ದೊಡ್ಡದು, ಕೂಲಿಗೆ ಇನ್‌ಪುಟ್ ಇರುವುದಿಲ್ಲ.

ಹಾಗಾದರೆ ಎಲ್ಲರೂ ರಾಜಿಗೆ ಹೋಗಬಹುದಲ್ಲ ಎಂದರೆ, ಎರಡು ಕಡೆ ಮುಳ್ಳಿದೆ. ಇಂಥ ಎರಡು ಮನೆ ಮುಗಿಸಿ ಮೂರನೆಯದರ ಪಾಯಕ್ಕೆ ಹಣ ಬರುತ್ತಿದ್ದಂತೆ 50 ಲಕ್ಷ ದಾಟುತ್ತದೆ, ಆ ದಿನವೇ ಸಾಮಾನ್ಯ ಪದ್ಧತಿಗೆ ಬರಬೇಕು. ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ರಾಜಿಗೆ ಹೋದ ಮೇಲೆ ಶೇ 6 ಎನ್ನುವುದು ಇಡೀ ವಹಿವಾಟಿನ ಮೇಲೆ. ವಿನಾಯಿತಿ ಇದ್ದ ಕೂಲಿ ಗುತ್ತಿಗೆಯ ಹಣಕ್ಕೂ ಬೀಳುತ್ತದೆ. ನಿಮ್ಮಂತೆ ಎರಡೂ ಬಗೆಯ ಕೆಲಸ ಹಿಡಿಯುವವರಿಗೆ 13 ಲಕ್ಷ ಕೂಲಿಗೆ 78,000 ತೆರಿಗೆ ಎಂದರೆ ಉಳಿಸಿದ ಮೂವತ್ತೆರಡು ಸಾವಿರ ಎಲ್ಲಿ ಹೋಯಿತು?

ಇನ್ನೊಂದು ಲೆಕ್ಕ ನೋಡಿ, ನನಗೆ ಇದೇ ಹೆಚ್ಚು ಇಷ್ಟ. ಅದೇ ಮನೆಯನ್ನು ಚದರ ಅಡಿಗೆ 675ರಂತೆ ಕೂಲಿ ಗುತ್ತಿಗೆಗೆ ಹಿಡಿದರೆ 8,10,000 ಬರುತ್ತದೆ. ಕೂಲಿ 6,50,000 ಹೋದರೆ 1,60,000 ಉಳಿಯಿತು. ಜಿಎಸ್‌ಟಿ ಸೊನ್ನೆ, ಅಂಗಡಿ ಸಾಲ ಇಲ್ಲ, ಕಬ್ಬಿಣದ ದರ ಏರಿದರೆ ತಲೆನೋವು ಮಾಲೀಕರದು. ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಸೇರಿ ಸುಮಾರು ಹನ್ನೆರಡು ಮುಕ್ಕಾಲು ಲಕ್ಷದ ಸಾಮಗ್ರಿಯನ್ನು ಕೈಯಲ್ಲಿ ತಿರುಗಿಸಿ ಸಿಗುವುದು ಇದಕ್ಕಿಂತ ಇಪ್ಪತ್ತೆರಡು ಸಾವಿರ ಹೆಚ್ಚು, ಅಷ್ಟೆ. ನಿಮ್ಮ ಊರಿನಲ್ಲಿ 675 ನಡೆಯುತ್ತದೆಯೋ 600 ನಡೆಯುತ್ತದೆಯೋ ನನಗಿಂತ ನಿಮಗೆ ಗೊತ್ತು. ನಿಮ್ಮ ಅಂಕಿಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿ. ಸಾಮಗ್ರಿ ಸಮೇತ ಎಂದರೆ ದೊಡ್ಡ ಗುತ್ತಿಗೆದಾರ, ಕೂಲಿ ಎಂದರೆ ಬರೀ ಮೇಸ್ತ್ರಿ ಎಂಬ ಹುಸಿ ಮರ್ಯಾದೆಗೆ ಬಿದ್ದು ಲಾಭ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಸಾಮಗ್ರಿ ಸಮೇತವೇ ಹಿಡಿಯುವುದಾದರೆ ತೆರಿಗೆಯನ್ನು ದರ ಹೇಳುವ ದಿನವೇ ಸೇರಿಸಬೇಕು, ಬಿಲ್ ಬರೆಯುವ ದಿನವಲ್ಲ. ಮೇಲಿನ ಮನೆಯಲ್ಲಿ ನಿಮಗೆ ನಿಜವಾಗಿ 3,51,500 ಉಳಿಯಬೇಕಾದರೆ ಸಾಮಾನ್ಯ ಪದ್ಧತಿಯಲ್ಲಿ ಹೇಳಬೇಕಾದ ದರ 1,900 ಅಲ್ಲ, ಸುಮಾರು 2,067. ರಾಜಿಯಲ್ಲಾದರೆ ಸುಮಾರು 2,021. 'ಬಿಲ್ ಬೇಡ' ಎನ್ನುವ ಮಾಲೀಕರು ಅಡಗಿಸಿ ಹೇಳುತ್ತಿರುವುದು 'ಈ 167 ರೂಪಾಯಿ ನಿನ್ನ ಜೇಬಿನಿಂದ ಹೋಗಲಿ' ಎಂದು. ಅವರು ಮನೆ ಸಾಲ ತೆಗೆದಿದ್ದರಂತೂ ಬ್ಯಾಂಕಿನವರಿಗೆ ಅಂದಾಜುಪಟ್ಟಿ, ಕಂತಿನ ರಸೀದಿ ತೋರಿಸಿಯೇ ತೋರಿಸುತ್ತಾರೆ. ಅಂದರೆ ಬಿಲ್ ಬೇಡ ಎಂದದ್ದು ನಿಮಗೆ ಮಾತ್ರ.

ಇನ್‌ಪುಟ್ ಬಗ್ಗೆ ಒಂದು ಅನುಭವ. ಹಲವು ವರ್ಷಗಳ ಹಿಂದೆ ಒಬ್ಬ ಗುತ್ತಿಗೆದಾರರು ಒಂದು ಅಕ್ಕಿ ಚೀಲದ ತುಂಬ ಬಿಲ್ಲುಗಳನ್ನು ತಂದು ನನ್ನ ಮೇಜಿನ ಮೇಲೆ ಸುರಿದರು. ಅರ್ಧಕ್ಕರ್ಧ ಬಿಲ್ಲುಗಳಲ್ಲಿ ಕೊಂಡವರ ಹೆಸರಿನ ಜಾಗದಲ್ಲಿ 'ನಗದು' ಎಂದಿತ್ತು. ಇನ್ನು ಕೆಲವು ಹಾರ್ಡ್‌ವೇರ್ ಅಂಗಡಿಯ ಬಿಳಿ ಚೀಟಿಗಳು, ಬಾಲ್ ಪೆನ್ನಿನಲ್ಲಿ '8 ಎಂಎಂ, 12 ಎಂಎಂ, ಬಾಕಿ' ಎಂದು ಬರೆದವು. ಹಣ ಕೊಟ್ಟದ್ದು ನಿಜ, ಕಬ್ಬಿಣ ತಾರಸಿಯೊಳಗೆ ಇರುವುದೂ ನಿಜ, ಆದರೆ ಒಂದು ರೂಪಾಯಿ ಇನ್‌ಪುಟ್ ಸಿಗಲಿಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು, ಅಂಗಡಿಯವರು ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿರಬೇಕು, ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ನಿಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಲ್ಲಿ ಕಾಣಬೇಕು. ಅಲ್ಲಿ ಕಾಣದ ಬಿಲ್ ಇಲ್ಲದ ಬಿಲ್ಲಿಗೆ ಸಮ. ಪ್ರತಿ ತಿಂಗಳು 14ರ ಹೊತ್ತಿಗೆ ಆ ಪಟ್ಟಿ ಬರುತ್ತದೆ. ಚಹಾ ಕುಡಿಯುತ್ತಾ ಹದಿನೈದು ನಿಮಿಷ ಹೋಲಿಸಿ ನೋಡಿ, ಬಾರದ ಬಿಲ್ಲಿಗೆ ಆಗಲೇ ಅಂಗಡಿಯವರನ್ನು ಕೇಳಿ. ವರ್ಷದ ಕೊನೆಯಲ್ಲಿ ಕೇಳಿದರೆ ಅವರಿಗೂ ನೆನಪಿರುವುದಿಲ್ಲ.

ಮುಂಗಡದ ವಿಷಯವನ್ನೂ ತಿಳಿದಿರಿ. ಸೇವೆಗೆ ಮುಂಗಡ ಬಂದ ದಿನವೇ ತೆರಿಗೆಯ ಹೊಣೆ ಹುಟ್ಟುತ್ತದೆ. ಗುದ್ದಲಿ ಪೂಜೆಯ ದಿನ ಮಾಲೀಕರು 3 ಲಕ್ಷ ಕೊಟ್ಟರೆ, ನೀವು ಇನ್ನೂ ಒಂದು ಇಟ್ಟಿಗೆ ಇಡದಿದ್ದರೂ ಆ ತಿಂಗಳ ಲೆಕ್ಕಕ್ಕೆ ಅದು ಸೇರಬೇಕು. ಆದ್ದರಿಂದ ಉಳಿತಾಯ ಖಾತೆಯಲ್ಲಿ ವ್ಯವಹಾರ ನಡೆಸುವುದನ್ನು ನಿಲ್ಲಿಸಿ. ಚಾಲ್ತಿ ಖಾತೆ ತೆರೆಯಿರಿ, ಜೊತೆಗೆ ತೆರಿಗೆಗೆಂದೇ ಇನ್ನೊಂದು ಖಾತೆ. ಪ್ರತಿ ಕಂತು ಬಂದ ಸಂಜೆಯೇ ಅದರ ಪಾಲನ್ನು ಅತ್ತ ಹಾಕಿ. ಆ ಹಣದಲ್ಲಿ ಸ್ಕೂಟರ್ ಕೊಳ್ಳುವ ಆಸೆ ಬಂದಾಗ ಎರಡನೆಯ ಖಾತೆಯ ಎಟಿಎಂ ಕಾರ್ಡ್ ಹೆಂಡತಿಯ ಬಳಿ ಇರುವುದು ಒಳ್ಳೆಯದು.

ಸಾಮಾನ್ಯ ಪದ್ಧತಿಯಲ್ಲಿ ತಿಂಗಳ ರಿಟರ್ನ್‌ಗಳು 11 ಮತ್ತು 20ನೇ ತಾರೀಖಿಗೆ. ವಹಿವಾಟು 5 ಕೋಟಿಯೊಳಗಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ತೆಗೆದುಕೊಳ್ಳಬಹುದು, ತೆರಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ರಾಜಿಯವರಿಗೆ ಮೂರು ತಿಂಗಳಿಗೊಮ್ಮೆ 18ನೇ ತಾರೀಖಿನೊಳಗೆ ತೆರಿಗೆ, ವರ್ಷಕ್ಕೊಂದು ರಿಟರ್ನ್. ಕೆಲಸವೇ ಇಲ್ಲದ ತಿಂಗಳಲ್ಲೂ ಸೊನ್ನೆ ರಿಟರ್ನ್ ಹಾಕಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿ, ತೆರಿಗೆ ಇದ್ದರೆ 50, ಸದ್ದಿಲ್ಲದೆ ಬೆಳೆಯುತ್ತದೆ.

ಆದಾಯ ತೆರಿಗೆಗೆ ಬರೋಣ. ಇಲ್ಲಿ ನಿಮಗೆ ಭಯಪಡುವಂಥದ್ದು ಬಹಳ ಕಡಿಮೆ. ಸಣ್ಣ ವ್ಯವಹಾರಸ್ಥರಿಗೆ ಅಂದಾಜು ಆದಾಯದ ಪದ್ಧತಿ ಇದೆ, 44ಎಡಿ ಎಂದು ಹೆಸರುವಾಸಿ. ಇದು 1994ರಲ್ಲಿ ಶುರುವಾದದ್ದೇ ಕಟ್ಟಡ ಗುತ್ತಿಗೆದಾರರಿಗಾಗಿ, ಆಗ ಮಿತಿ 40 ಲಕ್ಷ. ಬೇರೆ ವ್ಯಾಪಾರಿಗಳೆಲ್ಲ ಸೇರಿಕೊಂಡದ್ದು ಆಮೇಲೆ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ 58 ಆಗಿದೆ, ಲೆಕ್ಕದ ಬಗೆ ಹಳೆಯದೇ. ವಹಿವಾಟು 2 ಕೋಟಿಯೊಳಗಿದ್ದರೆ, ನಗದು ಶೇ 5 ಮೀರದಿದ್ದರೆ 3 ಕೋಟಿಯವರೆಗೂ, ಬ್ಯಾಂಕಿನ ಮೂಲಕ ಬಂದ ಹಣದ ಶೇ 6 ಮತ್ತು ನಗದಿನ ಶೇ 8 ಅನ್ನು ಲಾಭವೆಂದು ತೋರಿಸಿದರೆ ಸಾಕು. ಲೆಕ್ಕಪುಸ್ತಕ, ಆಡಿಟ್ ಬೇಡ. ಮುಂಗಡ ತೆರಿಗೆ ಇದ್ದರೆ ಮಾರ್ಚ್ 15ರೊಳಗೆ ಒಂದೇ ಕಂತು.

60 ಲಕ್ಷ ವಹಿವಾಟಿಗೆ ಶೇ 6 ಎಂದರೆ 3.6 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ (ನ್ಯೂ ರೆಜೀಮ್) 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಸೇರಿ ತೆರಿಗೆ ಸೊನ್ನೆ. ಹಾಗಿರುವಾಗ ನಿಜವಾಗಿ 7 ಲಕ್ಷ ಉಳಿದಿದ್ದರೆ 7 ಲಕ್ಷವನ್ನೇ ತೋರಿಸಿ. ಶೇ 6 ಎನ್ನುವುದು ಕನಿಷ್ಠ, ಹೆಚ್ಚು ಗಳಿಸಿದವರು ಹೆಚ್ಚನ್ನೇ ತೋರಿಸಬೇಕು. ತೋರಿಸಿದರೂ ತೆರಿಗೆ ಸೊನ್ನೆಯೇ. ನಾಳೆ ಮಿಕ್ಸರ್ ಯಂತ್ರಕ್ಕೋ ಸೆಂಟ್ರಿಂಗ್ ಶೀಟಿಗೋ ಸಾಲ ಕೇಳಲು ಹೋದಾಗ ವ್ಯವಸ್ಥಾಪಕರು ಮೊದಲು ಕೇಳುವುದು ಮೂರು ವರ್ಷದ ರಿಟರ್ನ್‌ಗಳನ್ನು. ಬೇಡದ ಜಾಗದಲ್ಲಿ ಜಾಣತನ ಮಾಡಿ ಆದಾಯ ಅಡಗಿಸಿದವರು ಅಲ್ಲಿ ಪೆಚ್ಚಾಗುತ್ತಾರೆ. ಒಮ್ಮೆ ಈ ಪದ್ಧತಿಗೆ ಬಂದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಸೇರಲಾಗದು, ಅದನ್ನು ಮರೆಯಬೇಡಿ.

ಇಲ್ಲಿಗೆ ಕಂಪನಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಈ ಅನುಕೂಲ ಕಂಪನಿಗಾಗಲಿ ಎಲ್‌ಎಲ್‌ಪಿಗಾಗಲಿ (ಸೀಮಿತ ಹೊಣೆಯ ಪಾಲುದಾರಿಕೆ) ಇಲ್ಲ. ಪಾಲುದಾರಿಕೆ ಸಂಸ್ಥೆಗೆ ಇದೆ, ಆದರೆ ಸಂಸ್ಥೆಯ ಆದಾಯಕ್ಕೆ ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ. 12 ಲಕ್ಷದ ರಿಯಾಯಿತಿ ಅದಕ್ಕೆ ಸಿಗದು. ಆದ್ದರಿಂದ ಈಗ ಏಕವ್ಯಕ್ತಿ ಸಂಸ್ಥೆಯಾಗಿಯೇ ಇರಿ. ಭಾವಮೈದುನ ಸೈಟಿಗೆ ಬಂದು ಬಿಸಿಲಲ್ಲಿ ನಿಲ್ಲುವವರೇ, ಹಣ ಮಾತ್ರ ಹಾಕುವವರೇ? ಹಣ ಮಾತ್ರವಾದರೆ ಅದನ್ನು ಸಾಲವಾಗಿ ತೆಗೆದುಕೊಳ್ಳಿ, ಬ್ಯಾಂಕ್ ಮೂಲಕವೇ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ, ಪಡೆದಷ್ಟೇ ದಂಡ ಬೀಳಬಹುದು. ಬಡ್ಡಿ, ವಾಯಿದೆ ಎರಡನ್ನೂ ಛಾಪಾ ಕಾಗದದಲ್ಲಿ ಬರೆದುಕೊಳ್ಳಿ. ಸಂಬಂಧಿಕರ ನಡುವೆ ಬರವಣಿಗೆ ಏಕೆ ಎನ್ನುತ್ತಾರೆ. ಸಂಬಂಧ ಉಳಿಯಬೇಕಾದದ್ದರಿಂದಲೇ ಬೇಕು.

ಬೇರೆ ಗುತ್ತಿಗೆದಾರರಿಂದಲೋ ಕಂಪನಿಯಿಂದಲೋ ಉಪಗುತ್ತಿಗೆ ಹಿಡಿದರೆ, ಒಂದು ಬಿಲ್ 30,000 ಅಥವಾ ವರ್ಷಕ್ಕೆ ಒಟ್ಟು 1 ಲಕ್ಷ ಮೀರಿದಾಗ, ಅವರು ಶೇ 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುತ್ತಾರೆ. ಮನೆ ಮಾಲೀಕರು ಸಾಮಾನ್ಯವಾಗಿ ಹಿಡಿಯುವಂತಿಲ್ಲ, ಒಬ್ಬ ಗುತ್ತಿಗೆದಾರರಿಗೆ ವರ್ಷದಲ್ಲಿ 50 ಲಕ್ಷ ಮೀರಿ ಕೊಟ್ಟರೆ ಮಾತ್ರ ಶೇ 2. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ತೆರಿಗೆ ಇಲಾಖೆಯ ಜಾಲತಾಣದಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ನಿಮ್ಮ ಸ್ವಂತ ವಹಿವಾಟು 1 ಕೋಟಿ ದಾಟಿದ ಮರುವರ್ಷದಿಂದ, ನೀವೂ ಸೆಂಟ್ರಿಂಗ್, ಬಣ್ಣದ ಗುತ್ತಿಗೆಯವರಿಂದ ಹಿಡಿದು ಮರುತಿಂಗಳ 7ರೊಳಗೆ ಕಟ್ಟಬೇಕಾಗುತ್ತದೆ. ಅದಕ್ಕೆ ಟ್ಯಾನ್ ಎಂಬ ಬೇರೆ ಸಂಖ್ಯೆ ಬೇಕು.

ಶನಿವಾರದ ಬಟವಾಡೆಯ ಬಗ್ಗೆ ಒಂದು ಮಾತು. ಮೇಸ್ತ್ರಿಯ ಕೈಗೆ 60,000 ನಗದು ಕೊಟ್ಟು 'ಹಂಚಿಕೋ' ಎನ್ನುವುದು ನಮ್ಮಲ್ಲಿ ರೂಢಿ. ಅಂದಾಜು ಪದ್ಧತಿಯಲ್ಲಿ ಇರುವವರೆಗೆ ಇದು ಆದಾಯ ತೆರಿಗೆಗೆ ಅಡ್ಡ ಬರುವುದಿಲ್ಲ. ಅದರಿಂದ ಹೊರಗೆ ಬಂದ ದಿನ, ಒಬ್ಬರಿಗೆ ಒಂದು ದಿನ 10,000 ಮೀರಿದ ನಗದನ್ನು ಖರ್ಚೆಂದು ಒಪ್ಪುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರು, ದಿನ, ಕೂಲಿ, ಸಹಿ ಅಥವಾ ಹೆಬ್ಬೆಟ್ಟು ಇರುವ ಅಭ್ಯಾಸ ಈಗಿನಿಂದಲೇ ಆಗಲಿ. ಆ ಪುಸ್ತಕಕ್ಕೆ ಇನ್ನೊಂದು ಉಪಯೋಗವಿದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ನಿಮ್ಮಂಥವರ ದೃಢೀಕರಣ ಬೇಕು. ಮಕ್ಕಳ ವಿದ್ಯಾರ್ಥಿವೇತನ, ಹೆರಿಗೆ ನೆರವು ಅಲ್ಲಿಂದ ಬರುತ್ತದೆ. ಆಳುಗಳು ಹತ್ತಾದರೆ ಇಎಸ್ಐ (ನೌಕರರ ರಾಜ್ಯ ವಿಮೆ), ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ) ಎಂಬುದನ್ನು ನೆನಪಿಡಿ. ಅದಕ್ಕೂ ಮೊದಲು ಕಾರ್ಮಿಕ ಪರಿಹಾರ ವಿಮೆ ಮಾಡಿಸಿ. ಸಾರುವೆಯಿಂದ ಒಬ್ಬರು ಬಿದ್ದರೆ ನಿಮ್ಮ ಐದು ವರ್ಷದ ಲಾಭ ಒಂದು ಮಧ್ಯಾಹ್ನಕ್ಕೆ ಹೋಗುತ್ತದೆ. ವೃತ್ತಿ ತೆರಿಗೆ ವರ್ಷಕ್ಕೆ 2,500, ಏಪ್ರಿಲ್ 30ರೊಳಗೆ. ಸಣ್ಣ ಉದ್ದಿಮೆಗಳಿಗಿರುವ 'ಉದ್ಯಮ' ನೋಂದಣಿ ಪೂರ್ತಿ ಉಚಿತ, ಅದಕ್ಕೆ ಎರಡು ಸಾವಿರ ಕೇಳುವವರಿಗೆ ನಮಸ್ಕಾರ ಹೇಳಿ.

ಸರ್ಕಾರಿ ಟೆಂಡರ್ ಆಸೆ ಒಳ್ಳೆಯದೇ, ಆದರೆ ಎರಡು ವರ್ಷ ಕಾಯಿರಿ. ಲೋಕೋಪಯೋಗಿ ಇಲಾಖೆಯಲ್ಲಿ ನಾಲ್ಕನೇ ದರ್ಜೆಯಿಂದ ಪರವಾನಗಿ ಶುರುವಾಗುತ್ತದೆ, ಟೆಂಡರ್ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ, ಅದಕ್ಕೆ ಡಿಜಿಟಲ್ ಸಹಿ ಬೇಕು. ಸರ್ಕಾರಿ ಕಾಮಗಾರಿಗೆ ಮೊದಲು ಶೇ 12 ಇದ್ದ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 18. ಟೆಂಡರ್ ಮೊತ್ತದಲ್ಲಿ ಇದು ಸೇರಿದೆಯೇ, ಪ್ರತ್ಯೇಕವೇ ಎಂಬ ಒಂದು ಸಾಲನ್ನು ಓದದೆ ದರ ಹಾಕಬೇಡಿ. ಗುತ್ತಿಗೆ ಮೊತ್ತ 2.5 ಲಕ್ಷ ಮೀರಿದರೆ ಇಲಾಖೆಯವರು ಶೇ 2 ಜಿಎಸ್‌ಟಿ ಟಿಡಿಎಸ್, ಜೊತೆಗೆ ಆದಾಯ ತೆರಿಗೆ ಟಿಡಿಎಸ್, ಶೇ 1 ಕಾರ್ಮಿಕ ಸೆಸ್, ಭದ್ರತಾ ಠೇವಣಿ ಹಿಡಿಯುತ್ತಾರೆ. ಜಲ್ಲಿ, ಎಂ-ಸ್ಯಾಂಡ್ ತಂದದ್ದಕ್ಕೆ ಗಣಿ ಇಲಾಖೆಯ ಸಾಗಣೆ ಪರವಾನಗಿ ತೋರಿಸದಿದ್ದರೆ ರಾಜಧನವನ್ನೂ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ. ಲಾರಿಯವರಿಂದ ಆ ಚೀಟಿಯನ್ನು ಸೈಟಿನಲ್ಲೇ ಇಸಿದುಕೊಳ್ಳಬೇಕು, ತಿಂಗಳ ಮೇಲೆ ಕೇಳಿದರೆ ಸಿಗುವುದಿಲ್ಲ. ಜಿಎಸ್‌ಟಿ ಟಿಡಿಎಸ್ ನಿಮ್ಮದೇ ಹಣ. ಆದರೆ ಪೋರ್ಟಲ್‌ಗೆ ಹೋಗಿ ನೀವು 'ಒಪ್ಪಿದೆ' ಎಂದು ಒತ್ತುವವರೆಗೆ ನಿಮ್ಮ ನಗದು ಖಾತೆಗೆ ಬರುವುದಿಲ್ಲ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಬಿಟ್ಟವರಿದ್ದಾರೆ. ಇಷ್ಟೆಲ್ಲ ಕಳೆದ ಮೇಲೂ ಬಿಲ್ ಹಣ ತಿಂಗಳುಗಟ್ಟಲೆ ಬಾಕಿ ನಿಲ್ಲುವುದು ನಿಮಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ನಿಮ್ಮ ಸ್ಥಿತಿಗೆ ನನ್ನ ಸಲಹೆ ಇದು: ಈಗ ನಡೆಯುತ್ತಿರುವ ಮೂರನೆಯ ಮನೆಗಾಗಿ ನೋಂದಣಿ ಪಡೆದು, ಕೂಲಿ ಗುತ್ತಿಗೆಯೂ ನಡೆಯುತ್ತಿರುವುದರಿಂದ ಸಾಮಾನ್ಯ ಪದ್ಧತಿಯಲ್ಲೇ ಇರಿ. ಉಳಿದ ಕಂತುಗಳ ಬಗ್ಗೆ ಮಾಲೀಕರ ಜೊತೆ ಕೂತು ಮಾತನಾಡಿ. ತಾರಸಿ ಆಗಿದ್ದರೆ ಮುಂದಿನ ಟೈಲ್ಸು, ನಲ್ಲಿ ಸಾಮಾನು, ಬಣ್ಣವನ್ನು ಅವರೇ ಕೊಳ್ಳಲಿ, ಅಷ್ಟನ್ನು ನಿಮ್ಮ ಗುತ್ತಿಗೆ ಮೊತ್ತದಿಂದ ಕಳೆದು ಒಪ್ಪಂದವನ್ನು ಬರೆದು ತಿದ್ದಿ. ಹಾಗೆ ಮಾಡಿದರೆ ಆ ಸಾಮಗ್ರಿಯ ಮೇಲೆ ನೀವು ತೆರಿಗೆ ಸೇರಿಸಬೇಕಾಗಿಲ್ಲ, ಅವರಿಗೂ ಹೊರೆ ಕಡಿಮೆ.

ಇನ್ನು ಬೋರ್ಡು. ಏಕವ್ಯಕ್ತಿ ಸಂಸ್ಥೆಗೆ ಯಾವ ಹೆಸರಾದರೂ ನಡೆಯುತ್ತದೆ, ಮನೆದೇವರ ಹೆಸರೂ ಆಗಬಹುದು. ಆದರೆ ನೋಂದಣಿ ಆದ ಮೇಲೆ ಪ್ರವೇಶದ ಬಳಿಯ ನಾಮಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಇರಲೇಬೇಕು, ಅದು ಹದಿನೈದು ಅಕ್ಷರ. ಮುಂದೆ ಎಂದಾದರೂ ಮನಸ್ಸು ಬದಲಿಸಿ ರಾಜಿಗೆ ಹೋದರೆ 'ಕಾಂಪೋಸಿಷನ್ ತೆರಿಗೆದಾರ' ಎಂಬ ಮಾತೂ ಅದೇ ಫಲಕದಲ್ಲಿ ಬರಬೇಕು. ಬರೆಯುವವರಿಗೆ ಹೆಸರಿನ ಕೆಳಗೆ ಎರಡು ಸಾಲಿನ ಜಾಗ ಬಿಡಲು ಹೇಳಿ.